ಟವಲ್ಲಿನ ಕೆಳಗಿನ ಕೈ

"ಮ್ಯಾನೇಜರ್ ಇಲ್ವಾಮ್ಮ?" ಅಂತ ಅಶ್ವತ್ಥ್ ಕೇಳಿದ್ದು ಮ್ಯಾನೇಜರನ್ನೇ.

ಮೇಚೇರಿಯ ಅಣ್ಣಯ್ಯಪ್ಪನವರ ಕುರಿ ಮಂಡಿ. ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿ ತಲೆ ಎತ್ತಲಿಲ್ಲ. ಬಾಗಿಲಾಚೆ ಕಟ್ಟಿದ್ದ ಟಗರಿನ ಕಡೆ ಪೆನ್ನು ತೋರಿಸಿದಳು.

"ಅಗೋ, ಅಲ್ಲಿ ನಿಂತವ್ರೆ. ಓಗಿ ಮಾತಾಡ್ಕೊಳ್ಳಿ."

ಅಶ್ವತ್ಥ್ ನಿಜಕ್ಕೂ ಅರ್ಧ ದಾರಿ ಹೋದ. ಟಗರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿತು, ಧರ್ಮಪುರಿಯಿಂದ ಸೇಲಂವರೆಗಿನ ಎಲ್ಲ ಮ್ಯಾನೇಜರುಗಳು ನೋಡಿದ ಹಾಗೆಯೇ. ಹಿಂದಿನಿಂದ ಬಳೆ ಸದ್ದು. ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಾಗ ಬರುವ ಸದ್ದು. ಅವನ ಕಥೆ ಅಲ್ಲಿಗೇ ಮುಗಿಯಿತು. ಮುಂದಿನದೆಲ್ಲ ಬರೀ ವಿವರ.

ಮಾರಂಡಹಳ್ಳಿಯ ಈ ಅಶ್ವತ್ಥನ ಕೆಲಸ, ಓಪನ್ ಸೋರ್ಸ್ ಸಾಫ್ಟ್‌ವೇರ್ ತಗೊಳ್ಳಿ ಅಂತ ಮ್ಯಾನೇಜರುಗಳ ಮನಸ್ಸು ಒಲಿಸುವುದು. ಒಳಗೆ ಏನು ಬರೆದಿದೆ ಅಂತ ಎಲ್ಲರಿಗೂ ಕಾಣುವ, ಯಾರು ಬೇಕಾದರೂ ರಿಪೇರಿ ಮಾಡಬಹುದಾದ, ಲೈಸೆನ್ಸಿಗೆ ಕಾಸು ಕೇಳದ ಸಾಫ್ಟ್‌ವೇರ್. ಇದಕ್ಕಾಗಿ ಅವನ ಬೈಕು ತೊಪ್ಪೂರು ಘಾಟನ್ನು ಎಷ್ಟು ಹತ್ತಿ ಇಳಿದಿತ್ತೆಂದರೆ, ಅವನು ತೂಕಡಿಸಿದರೂ ತಿರುವು ಬಂದಾಗ ಬೈಕು ತಾನೇ ಹಾರನ್ ಹೊಡೆಯುತ್ತಿತ್ತು. ಆದರೆ "ಸುಮ್ನೆ ಕೊಡ್ತಾರೆ ಸಾರ್" ಅಂದ ತಕ್ಷಣ ಮ್ಯಾನೇಜರುಗಳ ಮುಖ ಬಿಳಿಚುತ್ತಿತ್ತು. ಮಾವಿನ ರಸದ ಫ್ಯಾಕ್ಟರಿಯ ಒಬ್ಬರಂತೂ ಅವನ ಪೆನ್‌ಡ್ರೈವನ್ನು ಬೀರುವಿನಲ್ಲಿಟ್ಟು, ಬೀಗ ಹಾಕಿ, ಕಾವಲಿಗೆ ವಾಚ್‌ಮನ್ ನಿಲ್ಲಿಸಿದರು. ವಾಚ್‌ಮನ್‌ಗೆ ಆಮೇಲೆ ಪ್ರಮೋಷನ್ ಕೂಡ ಆಯಿತು.

ಟಗರು ತೋರಿಸಿದ ಈ ಹುಡುಗಿ, ಶಾಂತಿ, ಹಾಗೆ ಹೆದರುವವಳಲ್ಲ. ಅಣ್ಣಯ್ಯಪ್ಪನ ತಂಗಿ ಮಗಳು. ಮಂಡಿಯ ವ್ಯವಹಾರವೆಲ್ಲ ಅವಳ ಕೈಯಲ್ಲೇ. ಈಗಿನ ಸಾಫ್ಟ್‌ವೇರ್ ಸಂತೆಯ ದಿನವೇ ಮುನಿಸಿಕೊಂಡು ನಿಲ್ಲುತ್ತದೆ, ಕಂಪನಿಯವರು ಫೋನ್ ಎತ್ತುವುದಿಲ್ಲ ಅನ್ನುವ ಸಿಟ್ಟು ಅವಳಿಗೆ ಮೊದಲೇ ಇತ್ತು.

"ಒಳಗಡೆ ಯಾರ್ ಬೇಕಾದ್ರೂ ನೋಡಬೋದು ಅಂತೀರಿ. ಕಳ್ಳ ನೋಡಲ್ವಾ?"

"ಬೀಗ ಎಂಗೆ ಮಾಡ್ತಾರೆ ಅಂತ ಊರಿಗೆಲ್ಲಾ ಗೊತ್ತು ಮೇಡಂ. ನಿಮ್ ಮನೆ ಬೀಗದ ಕೈ ನಿಮ್ಮತ್ರಾನೇ ಐತಲ್ಲ."

ಕಿಟಕಿಯಾಚೆ ಇಬ್ಬರು ದಲ್ಲಾಳಿಗಳು ಕೈಗಳ ಮೇಲೆ ಟವಲ್ ಹೊದಿಸಿಕೊಂಡು, ಬೆರಳು ಹಿಡಿದು ಕುರಿಯ ದರ ಕುದುರಿಸುತ್ತಿದ್ದರು. ಅಶ್ವತ್ಥ್ ಅತ್ತ ಕೈ ತೋರಿಸಿದ.

"ನಿಮ್ಮ ಈಗಿನ ಸಾಫ್ಟ್‌ವೇರು ಆ ಟವಲ್ ಇದ್ದಂಗೆ. ಒಳಗೇನ್ ನಡೀತೈತೋ ಒರಗಿನೋರಿಗೆ ಕಾಣಲ್ಲ."

"ಅಂದ್ರೆ ಕಂಪನೀದು ಒಂದು ಕೈ, ನಂದು ಒಂದು ಕೈ?"

"ಇಲ್ಲ ಮೇಡಂ. ನೀವು ಕುರಿ."

ಈ ಸಲ ಅವಳು ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ. ಅವಳ ಎಡಗೆನ್ನೆಯಲ್ಲಿ ಗುಳಿ ಬಿತ್ತು. ಅಶ್ವತ್ಥ್ ಮುಂದೆ ಹೇಳಬೇಕಾದ್ದನ್ನೆಲ್ಲ ಮರೆತ.

"ತೆರೆದಿಡಬೇಕು ಅಂತ ಏಳೋರು ಯಾರು?" ಅವಳೇ ನೆನಪಿಸಿದಳು.

"ಬರೆದೋರು. ಅವ್ರು ಇಷ್ಟಪಟ್ಟು ತೆರೆದಿಟ್ರೇನೇ ಅದು ಓಪನ್. ಕೇಳ್ದೆ ಕಿತ್ತು ತೆರೆದ್ರೆ ಕಳ್ತನ."

ಅಷ್ಟರಲ್ಲಿ ಅಣ್ಣಯ್ಯಪ್ಪ ಬಂದು ಕೂತರು. "ಎನ್ನಪ್ಪಾ ತಂಬಿ, ನಾಳೆ ನೀನು ಆ ತೊಪ್ಪೂರು ಘಾಟಲ್ಲಿ ಲಾರಿ ಕೆಳಗೆ ಬಿದ್ದೆ ಅಂತ ಇಟ್ಕೋ. ಇದನ್ನ ನೋಡ್ಕೊಳ್ಳೋರು ಯಾರು?"

"ಯಾರಾದ್ರೂ ನೋಡ್ಕೋತಾರೆ ಅಯ್ಯಾ. ನಾನೇ ಬೇಕು ಅಂತಿಲ್ಲ. ಕೆಲ್ಸ ಆದ್ಮೇಲೆ ನಾನು ಬೇಕಾಗೋದೇ ಇಲ್ಲ. ಇದರ ದೊಡ್ಡತನಾನೇ ಅದು."

ಅಣ್ಣಯ್ಯಪ್ಪ ಒಪ್ಪಿದರು. ಶಾಂತಿ ಮಾತ್ರ ಪೆನ್ನಿನ ಮುಚ್ಚಳ ಹಾಕುತ್ತಾ ಮೆಲ್ಲಗೆ ಅಂದಳು: "ಬೇಕಾಗೋದೇ ಇಲ್ಲ ಅನ್ನೋದು ಇಷ್ಟು ಜಂಬದ ವಿಷ್ಯಾನಾ?"

ಆಮೇಲೆ ಪ್ರತಿ ಸಂತೆಗೂ ಅಶ್ವತ್ಥ್ ಬಂದ. ಅವನು ಅವಳಿಗೆ ಸಾಫ್ಟ್‌ವೇರ್ ಕಲಿಸಿದ. ಅವಳು ಅವನಿಗೆ ಟವಲ್ಲಿನ ಭಾಷೆ ಕಲಿಸಿದಳು.

"ಈ ಬೆರಳು ಇಡಿದ್ರೆ ಒಂದು. ಇದರ ಜೊತೆ ಇದೂ ಇಡಿದ್ರೆ ಎರಡು. ಇಡೀ ಅಂಗೈ ಮಡಚಿದ್ರೆ, ನಂಗೆ ಒಪ್ಪಿಗೆ ಅಂತ. ಎದುರಿನೋರೂ ಮಡಚಿದ್ರೆ ಮುಗೀತು, ಯಾರೂ ಇಂದಕ್ಕೆ ಓಗಂಗಿಲ್ಲ."

"ಮಡಚೋಕ್ ಮುಂಚೆ ಟವಲ್ ಬಿದ್ರೆ?"

"ಯಾವಾರ ಮುರೀತು. ಆ ಕುರಿ ಮೇಲೆ ಅವ್ರಿಬ್ರೂ ತಿರುಗಾ ಕೈ ಆಕಂಗಿಲ್ಲ." ಅವನ ಬೆರಳು ಇನ್ನೂ ಅವಳ ಕೈಯಲ್ಲೇ ಇತ್ತು. "ಸಾಕು, ಬಿಡಿ ಸಾರ್. ಕಲ್ತಾಯ್ತು."

"ಇಲ್ಲ, ನಾನು ಸ್ವಲ್ಪ ಮಂದ."

ಅವನಷ್ಟು ಮಂದ ವಿದ್ಯಾರ್ಥಿ ಆ ತಾಲ್ಲೂಕಿನಲ್ಲೇ ಇರಲಿಲ್ಲ. ಒಂದರಿಂದ ಎರಡಕ್ಕೆ ಬರಲು ಅವನಿಗೆ ಒಂದು ಮಳೆಗಾಲ ಹಿಡಿಯಿತು.

ಆದರೆ ಸಾಫ್ಟ್‌ವೇರಿನ ಕೆಲಸ ಮುಗಿಯದೆ ಇರುತ್ತದೆಯೇ? ಕೊನೆಯ ಸಂತೆಯ ದಿನ ಶಾಂತಿ ಅವನ ಮುಂದೆ ನಿಂತಳು. ಸುತ್ತ ದಲ್ಲಾಳಿಗಳು, ಕುರಿಗಳು, ಧೂಳು.

"ಶುಕ್ರವಾರ ಮೇಟೂರಿಂದ ನನ್ನ ನೋಡೋಕೆ ಬರ್ತಾವ್ರೆ," ಅಂದಳು. ಯಾರದೋ ಹೆಗಲಿನ ಟವಲ್ ಎಳೆದು ಇಬ್ಬರ ಕೈ ಮೇಲೂ ಹಾಕಿದಳು. ನೋಡಿದವರಿಗೆ ಅದೊಂದು ಆಟ. ಟವಲ್ಲಿನ ಕೆಳಗೆ ಅವಳ ಕೈ ಬೆವೆತಿತ್ತು. ಅದು ಅವನ ಅಂಗೈ ಸುತ್ತ ಪೂರ್ತಿ ಮಡಚಿಕೊಂಡು ಗಟ್ಟಿಯಾಗಿ ಹಿಡಿಯಿತು.

ಅವನು ತನ್ನ ಬೆರಳು ಮಡಚಿದ್ದರೆ ಸಾಕಿತ್ತು. ಆದರೆ ಊರೂರು ತಿರುಗಿ ತೆರೆದಿಡಿ, ತೆರೆದಿಡಿ ಅಂತ ಸಾರಿದ ಮನುಷ್ಯ. ಎದೆಯಲ್ಲಿ ಸಂತೋಷ ತುಂಬಿ ತುಳುಕಿತು.

"ಮುಚ್ಚುಮರೆ ಯಾಕೆ ಶಾಂತಿ? ಎಲ್ರೂ ನೋಡ್ಲಿ!" ಅಂದವನೇ ಟವಲ್ ಎಳೆದುಬಿಟ್ಟ.

ಮಂಡಿಯೆಲ್ಲ ನೋಡಿತು. ಕುರಿಗಳು ಕೂಡ ಮೆಲುಕು ನಿಲ್ಲಿಸಿದವು. ಅವನ ಬೆರಳುಗಳು ಇನ್ನೂ ನೆಟ್ಟಗೆ ಚಾಚಿಕೊಂಡೇ ಇದ್ದವು. ಅವಳ ಬೆರಳು ಒಂದೊಂದಾಗಿ ಬಿಟ್ಟುಕೊಂಡವು.

"ನಾನು ನಿಮಗೆ ಏಳಿದ್ದು. ಸಂತೆಗಲ್ಲ," ಅಂದಳು. ದನಿ ನಡುಗಲಿಲ್ಲ, ನಡುಗಿದ್ದರೆ ಚೆನ್ನಾಗಿತ್ತು. "ನೀವು ಮಡಚಿದ್ರೆ ಸಾಕಾಗಿತ್ತು. ಮನೇಲಿ ಮಾವನ ಅತ್ರ ನಾನೇ ಮಾತಾಡ್ತಿದ್ದೆ. ತೆರೆಯೋದು ಬರೆದೋರಿಷ್ಟ ಅಂತ ಏಳ್ಕೊಟ್ಟೋರು ಯಾರು ಸಾರ್? ಒಂದು ಮಾತು ನನ್ನ ಕೇಳಿದ್ರಾ?"

ಅಶ್ವತ್ಥ್ ಕೈ ಮುಂದೆ ಚಾಚಿದ. "ಶಾಂತಿ, ಇನ್ನೊಂದ್ಸಲ..."

"ತಿರುಗಾ ಕೈ ಆಕಂಗಿಲ್ಲ," ಅಂದಳು. ಕಣ್ಣು ತುಂಬುವ ಮೊದಲೇ ಒಳಗೆ ಹೋದಳು.

ಅಣ್ಣಯ್ಯಪ್ಪ ಕೂಗಾಡಲಿಲ್ಲ. ಕೆಳಗೆ ಬಿದ್ದಿದ್ದ ಟವಲ್ ಎತ್ತಿ, ಧೂಳು ಕೊಡವಿ, ಅವನ ಹೆಗಲಿಗೆ ಹಾಕಿದರು.

"ತಂಬಿ, ಕೆಲ್ಸ ಮುಗೀತಲ್ಲ?"

"ಮುಗೀತು ಅಯ್ಯಾ."

"ಸರಿಪ್ಪಾ. ಇನ್ನು ನೀನು ಬೇಕಾಗಲ್ಲ."

ಶಾಂತಿ ಮೇಟೂರಿಗೆ ಸೊಸೆಯಾಗಿ ಹೋದಳು. ಮಂಡಿಯ ಲೆಕ್ಕ ಅಲ್ಲಿಂದಲೇ ನೋಡುತ್ತಾಳಂತೆ. ತಾನು ಕಟ್ಟಿದ ಸಾಫ್ಟ್‌ವೇರ್ ಒಂದು ಸಲವಾದರೂ ಕೆಡಲಿ ಅಂತ ಮಾದಪ್ಪನಿಗೆ ಹರಕೆ ಹೊತ್ತ ಎಂಜಿನಿಯರ್ ಈ ಭೂಮಿಯ ಮೇಲೆ ಅಶ್ವತ್ಥ್ ಒಬ್ಬನೇ. ಕೆಡಲಿಲ್ಲ. ಅಷ್ಟು ಚೆನ್ನಾಗಿ ಕಟ್ಟಿದ್ದ, ಪಾಪಿ.

ಈಗಲೂ ಅವನು ಮ್ಯಾನೇಜರುಗಳ ಮುಂದೆ ಕೂರುತ್ತಾನೆ. ಹೆಗಲಿನ ಹಳೇ ಟವಲ್ ಮಡಿಲಿಗೆ ಇಳಿಸಿಕೊಳ್ಳುತ್ತಾನೆ. ಬೆವರು ಒರೆಸಲು ಅಂತ ಅವರು ತಿಳಿಯುತ್ತಾರೆ. ಎಲ್ಲರೂ ಕೊನೆಗೆ ಅದೇ ಕೇಳುತ್ತಾರೆ: "ನಾಳೆ ನೀವು ಇಲ್ಲ ಅಂದ್ರೆ?"

"ನಾನು ಬೇಕಾಗಲ್ಲ ಸಾರ್," ಅನ್ನುತ್ತಾನೆ.

ಆಗ ಟವಲ್ಲಿನ ಕೆಳಗೆ ಅವನ ಬರಿಗೈ ಮೆಲ್ಲಗೆ ಮಡಚಿಕೊಳ್ಳುತ್ತದೆ.