ಇದ್ದಿಲ ಗುರುತಿನ ಮೊಟ್ಟೆ

"ಕಳ್ಳಿ! ಸಿಕ್ಕಿಬಿದ್ದೆ ನೋಡು!"

ಅಕ್ಕಿ ಆರಿಸುತ್ತಿದ್ದ ಮೊರ ಬಿಟ್ಟು ನಾನು ಹಿತ್ತಲಿಗೆ ಓಡಿದೆ. ಲಷ್ಕರ್ ಮೊಹಲ್ಲಾದ ಆ ಮನೆ ಪುಟ್ಟತಾಯಮ್ಮ, ಮಹದೇವು ದಂಪತಿಗಳದು. ಮುಂಭಾಗದಲ್ಲಿ ಬಾಡಿಗೆಗೆ ನಾವು. ಹಿತ್ತಲ ಕೋಣೆಯಲ್ಲಿ ಪಾತ್ರೆ ತಿಕ್ಕಿ ಬದುಕುವ ಸುಂದರಮ್ಮ, ಅವಳ ಆರು ವರ್ಷದ ಮಗಳು ಸರ್ವಮಂಗಳಾ.

ಪುಟ್ಟತಾಯಮ್ಮನ ಕೈಯಲ್ಲಿ ಮೊಟ್ಟೆ ಚಿಪ್ಪುಗಳಿದ್ದವು.

"ಒಂಬತ್ತು ದಿನದಿಂದ ಗೂಡಲ್ಲಿ ಒಂದು ಮೊಟ್ಟೆ ಇಲ್ಲ. ಬೆಳಗ್ಗೆ ಕೋಳಿ ಹಿಡಿದು ಮುಟ್ಟಿ ನೋಡಿದ್ರೆ ಒಳಗೆ ಮೊಟ್ಟೆ ಇರುತ್ತೆ. ಮಧ್ಯಾಹ್ನಕ್ಕೆ ಮಾಯ! ಈಗ ನೋಡಿ, ಇವಳ ಬೂದಿಗುಂಡೀಲಿ ಚಿಪ್ಪು!"

"ಮಾರ್ಕೆಟ್ಟಿಂದ ತಂದದ್ದು ಕಣಕ್ಕಾ. ಮಗೂಗೆ ಈಗ ತಾನೆ ಟೈಫಾಯಿಡ್ ಬಿಟ್ಟಿದೆ, ಮೊಟ್ಟೆ ಕೊಡು ಅಂದ್ರು ಡಾಕ್ಟ್ರು..."

ಮಹದೇವು ಕೇಳಿಸಿಕೊಳ್ಳಲೇ ಇಲ್ಲ. ಚಾಪೆ, ಕಂಬಳಿ, ಗಂಜಿಯ ಪಾತ್ರೆ ಒಂದೊಂದಾಗಿ ಅಂಗಳಕ್ಕೆ ಬಂದು ಬಿದ್ದವು.

"ಸಂಜೆಯೊಳಗೆ ಕೋಣೆ ಖಾಲಿಯಾಗ್ಬೇಕು!"

ಮಗು ಬಿಸಿಲಲ್ಲಿ ಗೋಡೆ ಹಿಡಿದು ನಿಂತಿತ್ತು. ನನ್ನ ಮೈಯೆಲ್ಲ ಉರಿಯಿತು. ಮಗುವನ್ನು ಎತ್ತಿಕೊಂಡೆ—ಎಷ್ಟು ಹಗುರ!

"ನಿಲ್ಲಿಸಪ್ಪಾ ಮಹದೇವು."

ನಮ್ಮ ಅತ್ತೆ ಶಿವನಂಜಮ್ಮ ಸೆರಗಿಗೆ ಕೈ ಒರೆಸುತ್ತ ಬಂದರು. ಊರಿನಲ್ಲಿ ನಲವತ್ತು ಕೋಳಿ ಸಾಕಿದ್ದವರು.

"ತಾಯಮ್ಮ, ಗೂಡಲ್ಲಿ ಒಂದು ಮೊಟ್ಟೆ ಬಿಡ್ತಿದ್ದೆ ತಾನೆ?"

"ಬಿಡದೆ ಉಂಟೆ? ಇದ್ದಿಲಲ್ಲಿ ಗೆರೆ ಎಳೆದು ಒಂದು ಬಿಟ್ಟಿದ್ದೆ. ಅದನ್ನ ಕಂಡ್ರೇ ತಾನೆ ಕೋಳಿ ಅಲ್ಲೇ ಬಂದು ಇಡೋದು."

"ಎಷ್ಟು ದಿನದ್ದು ಅದು?"

"ತಿಂಗಳ ಮೇಲಾಯ್ತು. ಅದನ್ನೂ ಬಿಡ್ಲಿಲ್ಲ ಈ ಕಳ್ಳಿ!"

"ಅದು ಹೋದದ್ದು ಯಾವತ್ತು?"

"ಹೋದ ವಾರದ ಗುರುವಾರ. ಅವತ್ತಿಂದ್ಲೇ ಎಲ್ಲಾ ನಿಂತಿದ್ದು."

ಅತ್ತೆ ಚುಕ್ಕಿ ಕೋಳಿಯನ್ನು ಹಿಡಿದು ಎದೆಯ ಪುಕ್ಕ ಬಿಡಿಸಿ ನೋಡಿದರು. ಬೆರಳಿಗೆ ಮರದ ಹೊಟ್ಟು ಅಂಟಿತು.

"ಹೊಟ್ಟಿನ ಒಲೆ ಯಾರ ಮನೇಲಿದೆ?"

"ನಮ್ಮ ಬಚ್ಚಲಲ್ಲಿ."

"ಸುಂದರಿ ಅಲ್ಲಿಗೆ ಬರ್ತಾಳಾ?"

"ಎಲ್ಲಾದ್ರೂ ಉಂಟೆ! ಬಾಡಿಗೆಯವರು ಯಾರೂ ನಮ್ಮ ಬಚ್ಚಲಿಗೆ ಕಾಲಿಡೋ ಹಾಗಿಲ್ಲ. ಬೀಗ ಹಾಕಿರ್ತೀನಿ. ಕೋಳಿ ಬೇಕಾದ್ರೆ ಹೊಗೆಕಿಂಡೀಲಿ ನುಗ್ಗೀತು."

"ಈಗ ನುಗ್ಗಿದೆ. ಬೀಗ ತೆಗಿ."

"ಸುಮ್ನಿರಿ ನಂಜಮ್ಮೋರೆ," ಮಹದೇವು ಅಡ್ಡ ಬಂದ. "ಬಚ್ಚಲಲ್ಲಿ ಏನಿರುತ್ತೆ?"

"ಏನೂ ಇಲ್ದಿದ್ರೆ ನಿನಗ್ಯಾಕಪ್ಪ ಬೆವರು?"

ಪುಟ್ಟತಾಯಮ್ಮ ಬೀಗ ತೆಗೆದಳು. ಒಳಗೆ ಹೊಟ್ಟಿನ ಚೀಲದ ಮೇಲೆ ಕೋಳಿ ಕುಳಿ ಮಾಡಿಕೊಂಡು ಇಟ್ಟ ಏಳು ಮೊಟ್ಟೆ! ಅವಳು ಸಣ್ಣ ದನಿಯಲ್ಲಿ ಕೇಳಿದಳು: "ಈ ಸೆಖೇಲಿ ಕೆಟ್ಟಿರಲ್ವಾ?"

"ಬಕೆಟ್ಟಲ್ಲಿ ನೀರು ತುಂಬು."

ಒಂದು ಬಿರುಕು ಬಿಟ್ಟಿತ್ತು. ಅತ್ತೆ ಅದನ್ನು ಬಿಸಾಡಿ, ಉಳಿದವನ್ನು ನೀರಿಗೆ ಬಿಟ್ಟರು. ನಾಲ್ಕು ತಳದಲ್ಲಿ ಅಡ್ಡಡ್ಡ ಮಲಗಿದವು. ಎರಡು ತಳದಲ್ಲೇ ಮೊನೆಯ ಮೇಲೆ ನಿಂತವು.

"ಮಲಗಿದ್ದು ಹೊಸದು. ನಿಂತಿದ್ದು ಹಳತು, ಒಡೆದು ಮೂಸಿ ನೋಡಿ, ಚೆನ್ನಾಗಿದ್ರೆ ಇವತ್ತೇ ಗಟ್ಟಿಯಾಗಿ ಬೇಯಿಸ್ಬುಡು. ತೇಲಿದ್ರೆ ತಿಪ್ಪೆಗೆ."

ಮಾತಾಡುತ್ತಲೇ ಅವರು ಚೀಲದೊಳಕ್ಕೆ ಮೊಣಕೈವರೆಗೆ ಕೈ ಇಳಿಸಿದರು. ಹೊರಬಂದದ್ದು ಒಂದು ಖಾಲಿ ಚಿಪ್ಪು. ತುದಿಯಲ್ಲಿ ಸಣ್ಣ ತೂತು. ಮೈಮೇಲೆ ಇದ್ದಿಲ ಗೆರೆ.

"ಇದು ತೇಲೋ ಮೊಟ್ಟೆ ಕಣವ್ವ. ಕೊಳೆತಿದ್ದು. ಸುಂದರಿ ಚಿಪ್ಪು ನಡುವೆ ಒಡೆದಿದೆ, ಇದ್ದಿಲಿಲ್ಲ. ಇದನ್ನ ಯಾರೋ ತುದಿ ಕುಟ್ಟಿ ಹಸೀದು ಬಾಯಿಗೆ ಸುರ್ಕೊಂಡಿದ್ದಾರೆ. ಈ ಮನೇಲಿ ಕತ್ತಲಿರೋವಾಗ್ಲೇ ಎದ್ದು ಗರಡಿಗೆ ಹೋಗೋರು ಯಾರು? ಆ ಗುರುವಾರದಿಂದ ಮೂರು ದಿನ ಹೊಟ್ಟೆ ಹಿಡ್ಕೊಂಡು ಮಲಗಿದ್ದೋರು ಯಾರು? ನಾನೇ ಅಲ್ವಾ ಓಮದ ಕಷಾಯ ಕಾಯಿಸ್ಕೊಟ್ಟಿದ್ದು?"

ಪುಟ್ಟತಾಯಮ್ಮ ಗಂಡನ ಕಡೆಗೆ ತಿರುಗಿದಳು. "ಹೋಟ್ಲು ಬೋಂಡ ಅಂದ್ರಲ್ರೀ!"

"ಕತ್ತಲಲ್ಲಿ... ಗೆರೆ ಕಾಣ್ಲಿಲ್ಲ," ಮಹದೇವು ನೆಲ ನೋಡಿದ. "ಕೇಳಿದ್ರೆ ಒಂದಾದ್ರೂ ಕೊಡ್ತಿದ್ಯಾ ನೀನು?"

"ನೀನು ತಿಂದದ್ದು ನಿನ್ನ ಮನೆ ಮೊಟ್ಟೆ," ಅತ್ತೆಯ ದನಿ ಏರಿತು. "ಗೂಡು ಬರಿದಾದ್ದರಿಂದ ಕೋಳಿ ಜಾಗ ಬಿಡ್ತು. ಅಷ್ಟು ಬುದ್ಧಿ ಅದಕ್ಕಿತ್ತು. ನಿನಗೆ? ಎಲ್ಲಾ ಗೊತ್ತಿದ್ದೂ ಜ್ವರದಿಂದ ಎದ್ದ ಮಗೂನ ಬೀದಿಗೆ ಹಾಕೋಕೆ ಹೊರಟೆಯಲ್ಲೋ!"

ಪುಟ್ಟತಾಯಮ್ಮ ನಾಲ್ಕು ಹೊಸ ಮೊಟ್ಟೆಗಳನ್ನು ಸೆರಗಲ್ಲಿ ಒರೆಸಿ ಸುಂದರಮ್ಮನ ಮುಂದೆ ಹಿಡಿದಳು.

"ಮಗೂಗೆ ಕೊಡು ತಾಯಿ."

ಸುಂದರಮ್ಮ ಕೈ ಚಾಚಲಿಲ್ಲ. ಅಂಗಳದ ನಡುವೆ ಬಿದ್ದಿದ್ದ ಚಾಪೆಯನ್ನೇ ನೋಡುತ್ತಿದ್ದಳು.

"ಮೊಟ್ಟೆ ಬೇಡಕ್ಕ. ಅಣ್ಣಾವ್ರು ಎಸೆದಿದ್ದನ್ನ ಅಣ್ಣಾವ್ರೇ ಎತ್ತಿ ಒಳಗಿಡ್ಲಿ."

ನಾವೆಲ್ಲ ನೋಡುತ್ತಿರುವಂತೆ ಮಹದೇವು ಬಗ್ಗಿದ. ಮೊದಲು ಚಾಪೆ. ಆಮೇಲೆ ಕಂಬಳಿ. ಕೊನೆಗೆ, ನೆಗ್ಗಿದ್ದ ಗಂಜಿಯ ಪಾತ್ರೆ.