ಮೊಳೆ ಹೊಡೆಯದ ಡಬ್ಬಿ

"ಖಾಲಿ ಡಬ್ಬಿ ಹಾಗೇ ಇಡಬೇಡಿ, ಅಳಿಯಂದಿರೇ. ತಳಕ್ಕೆ ತೂತು ಬೀಳದಿದ್ರೆ ಅದು ಬಾಯಿ ಹುಡುಕುತ್ತೆ."

ಅತ್ತೆ ಮೊಳೆ, ಸುತ್ತಿಗೆ ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಅಳಿಯ ನಕ್ಕುಬಿಟ್ಟ. ಮಾವ ತೀರಿಹೋದ ಮೇಲೆ ಹೂಗಿಡಗಳ ನರ್ಸರಿ ನೋಡಿಕೊಳ್ಳಲೆಂದು ಹೆಂಡತಿ, ಮಗಳೊಡನೆ ಈ ಮನೆಗೆ ಬಂದು ವಾರವೂ ಆಗಿರಲಿಲ್ಲ. ಆಗಲೇ ಅವನ ಕಣ್ಣಿಗೆ ಎಲ್ಲದರಲ್ಲೂ ತಪ್ಪು ಕಾಣುತ್ತಿತ್ತು.

"ಬಾಯಿ ಮುಚ್ಚಳದ ಕೆಳಗೇ ಇದೆಯಲ್ಲ ಅತ್ತೆ, ಹುಡುಕೋದೇನು?"

ಹೆಂಡತಿ ನಗಲಿಲ್ಲ. ಅವಳಿಗೆ ಮನೆಯಲ್ಲಿ ರೇಡಿಯೋ ಎಂದೇ ಹೆಸರು. ಕಣ್ಣು ಬಿಟ್ಟರೆ ಮಾತು ಶುರು; ಗಿಡಗಳನ್ನೂ ಬೈಯುವಳು, ಮತ್ತೆ ಮುದ್ದು ಮಾಡುವಳು. ಆ ದನಿಗೇ ಮರುಳಾಗಿ ಅವನು ಮದುವೆಯಾಗಿದ್ದು.

"ತಮಾಷೆ ಅಲ್ಲ ರೀ. ಮಾಟ ಮಾಡಿದ ಆ ಹೆಂಗಸನ್ನ ನಾನೇ ನೋಡಿದೀನಿ," ಎಂದಳು.

ಬಟ್ಟೆ ಒಗೆಯಲು ಬರುತ್ತಿದ್ದ ಹೆಂಗಸು. ನೀರು ತುಂಬಿಕೊಳ್ಳಲಿ ಎಂದು ಮಾವ ಪಾಪ, ಒಳ್ಳೆಯ ಮನಸ್ಸಿನಿಂದಲೇ ಅವಳಿಗೆ ಗಿಡಕ್ಕೆ ಹೊಡೆಯುವ ಔಷಧಿಯ ಖಾಲಿ ಡಬ್ಬಿಯೊಂದನ್ನು ಕೊಟ್ಟಿದ್ದರು. ಅವಳ ಮಗು ಅದರ ನೀರು ಕುಡಿದು ಸತ್ತಿತು. ಅವಳು ತನ್ನ ಕೂದಲನ್ನೂ ಆ ಡಬ್ಬಿಯನ್ನೂ ಶೆಡ್ಡಿನ ಹೊಸ್ತಿಲ ಕೆಳಗೆ ಹೂತು ಮಾಟ ಮಾಡಿದಳು: ಈ ಮನೆಯ ಡಬ್ಬಿ ತನ್ನಿಂದ ಕುಡಿದವರ ದನಿ ನುಂಗಲಿ, ಆ ದನಿಯಲ್ಲೇ ಇನ್ನೊಬ್ಬರನ್ನು ಕರೆಯಲಿ.

ಅಂದಿನಿಂದ ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ತೊಳೆದ ನೀರನ್ನು ಸಿಂಪಡಿಸುವ ಡ್ರಮ್ಮಿಗೇ ಸುರಿದು, ತಳಕ್ಕೆ ಮೊಳೆ ಹೊಡೆಯುತ್ತಿದ್ದರು. ಉಳಿದ ಔಷಧಿ ತನ್ನದೇ ಬಾಟಲಿಯಲ್ಲಿ, ಬೀಗದೊಳಗೆ. ವಿಷದ ಕಸ ಒಯ್ಯುವ ಲಾರಿ ಬಂದಾಗಲೇ ಅದು ಹೊರಗೆ ಬರುತ್ತಿತ್ತು.

"ಒಂದು ಖಾಲಿ ಡಬ್ಬಿಗೆ ಇಷ್ಟೊಂದು ಶಾಸ್ತ್ರಾನಾ!" ಎಂದ ಅಳಿಯ.

ಮರುದಿನ ಯಾರಿಗೂ ಹೇಳದೆ ಶೆಡ್ಡು ಖಾಲಿ ಮಾಡಿದ. ಉಳಿದ ಔಷಧಿಯನ್ನೆಲ್ಲ ಹಿಂದಿನ ಚರಂಡಿಗೆ ಸುರಿದ. ಹಾಲಿನಂಥ ಮಂದ ನೀರು. ಕೊಳೆತ ಬೆಳ್ಳುಳ್ಳಿಯ ವಾಸನೆ ಗಂಟಲಿಗೆ ಅಂಟಿಕೊಂಡಿತು. ಅಂದು ಸಂಜೆ ಚರಂಡಿಯಲ್ಲಿ ಒಂದು ಕಪ್ಪೆಯೂ ಕೂಗಲಿಲ್ಲ. ಅವನು ಅದನ್ನು ಗಮನಿಸಲೂ ಇಲ್ಲ. ದಪ್ಪನೆಯ ನೀಲಿ ಡಬ್ಬಿಯೊಂದರ ಚೀಟಿ ಕೆರೆದು, ಸೋಪು ಹಾಕಿ ತಿಕ್ಕಿ, ಕುಡಿಯುವ ನೀರು ತುಂಬಿ ಗಾಜಿನ ಮನೆಯ ಮೂಲೆಯಲ್ಲಿಟ್ಟ.

ಮಾರನೆಯ ಮಧ್ಯಾಹ್ನ ಗಾಜಿನ ಮನೆಯೊಳಗೆ ಬೇಯುವ ಸೆಕೆ. ಹೆಂಡತಿ ಒಣಗಿದ ರೆಂಬೆ ಕತ್ತರಿಸುತ್ತ ಮಾತಾಡುತ್ತಲೇ ಇದ್ದಳು.

"ರೀ, ಗಂಟಲು ಒಣಗಿಹೋಯ್ತು, ಒಂಚೂರು ನೀರು ಕೊಡಿ."

"ರೇಡಿಯೋಗೂ ಬಾಯಾರುತ್ತಾ?"

ಅವನೇ ಲೋಟಕ್ಕೆ ಬಗ್ಗಿಸಿದ. ಡಬ್ಬಿಯೊಳಗೆ ಯಾರೋ ಗುಟುಕು ನುಂಗಿದ ಸದ್ದು. ಅವನೇ ಕೈಯಾರೆ ಕೊಟ್ಟ. ಅವಳು ಕುಡಿದಳು. ಏನೋ ಹೇಳಹೊರಟಳು. ಮಾತು ಅರ್ಧಕ್ಕೇ ನಿಂತಿತು. ಲೋಟ ಬಿತ್ತು.

ಜೀವ ಉಳಿಯಿತು. ದನಿ ಉಳಿಯಲಿಲ್ಲ. ವಿಷ ಗಂಟಲನ್ನು ಸುಟ್ಟಿದೆ ಎಂದರು ಡಾಕ್ಟರು. "ತೊಳೆದಿದ್ದೆ, ನಾನು ತೊಳೆದಿದ್ದೆ," ಎಂದು ಅವನು ಆಸ್ಪತ್ರೆಯ ಗೋಡೆಗೆ ತಲೆ ಚಚ್ಚಿಕೊಂಡು ಅತ್ತ. ಕೆಟ್ಟ ಮೇಲೆ ಬುದ್ಧಿ ಬಂದರೇನು!

ಮನೆಗೆ ಮರಳಿದ ದಿನ ಅತ್ತೆ ನೀಲಿ ಡಬ್ಬಿಯನ್ನು ಶೆಡ್ಡಿಗೆ ಸೇರಿಸಿ ಮೊಳೆ, ಸುತ್ತಿಗೆಯನ್ನು ಅವನ ಕೈಗಿಟ್ಟರು. "ನೀವೇ ತುಂಬಿದ್ದು, ನೀವೇ ಹೊಡೀಬೇಕು."

ಅವನು ಸುತ್ತಿಗೆ ಎತ್ತಿದ. ಕೊಳೆತ ಬೆಳ್ಳುಳ್ಳಿಯ ವಾಸನೆ. ಡಬ್ಬಿಯೊಳಗಿಂದ ದನಿ.

"ರೀ... ಗಂಟಲು ಒಣಗಿಹೋಯ್ತು..."

ಅವಳದೇ ದನಿ. ಅದೇ ರಾಗ, ಅದೇ ಹುಸಿ ಕೋಪ. ಅವನ ಕೈ ಇಳಿಯಿತು. ಹೊಡೆದಾಯಿತು ಎಂದು ಅತ್ತೆಗೆ ಸುಳ್ಳು ಹೇಳಿದ.

ಆಮೇಲೆ ದಿನವೂ ಸಂಜೆ ಕದ್ದು ಶೆಡ್ಡಿಗೆ ಹೋಗುತ್ತಿದ್ದ. ಮನೆಯೊಳಗೆ ಹೆಂಡತಿ ಮೂಕಳಾಗಿ ಕೂತಿರುತ್ತಿದ್ದಳು. ಇಲ್ಲಿ ಅವನು ಕತ್ತಲಲ್ಲಿ ಡಬ್ಬಿಗೆ ಕಿವಿಯಿಟ್ಟು ಅವಳ ಮಾತು ಕೇಳುತ್ತ ಅಳುತ್ತಿದ್ದ. ಬೇಡವೆಂದು ಗೊತ್ತಿತ್ತು. ಆದರೂ ಬಿಡಲಾಗಲಿಲ್ಲ.

ಒಂದು ಸಂಜೆ ಅವನು ಹೊರಡುವ ಮೊದಲೇ ದನಿ ಅಂಗಳದವರೆಗೂ ಕೇಳಿಸಿತು.

"ಪುಟ್ಟೀ, ಬಾ ಕಂದಾ... ಅಮ್ಮನ ಹತ್ರ ಬಾ..."

"ಅಮ್ಮಾ! ಅಮ್ಮ ಮಾತಾಡಿದ್ಲು!" ಮಗಳು ಓಡಿದಳು.

ಅವನೂ ಓಡಿದ. ಬಾಗಿಲು ತೆರೆದಿತ್ತು. ಮುಚ್ಚಳ ನೆಲದಲ್ಲಿತ್ತು. ತಳದಲ್ಲಿ ಇನ್ನೂ ನೀರುಳಿದಿದ್ದ ಡಬ್ಬಿಯನ್ನು ಮಗು ಎರಡೂ ಕೈಯಲ್ಲಿ ಎತ್ತಿತ್ತು. ತುಟಿಗೆ ಇನ್ನು ಬೆರಳಷ್ಟೇ ದೂರ. ಹಾರಿ ಕಿತ್ತುಕೊಂಡ.

ಹಿಂದೆಯೇ ಹೆಂಡತಿ ಬಂದಿದ್ದಳು. ಡಬ್ಬಿ ಅವಳ ದನಿಯಲ್ಲಿ ಬೇಡುತ್ತಿತ್ತು: "ರೀ, ಹೊಡೀಬೇಡಿ... ನಾನು ರೀ..." ಅವಳು ಅದನ್ನು ಕೇಳಿದಳು. ಕಣ್ಣೊರೆಸಿಕೊಂಡಳು. ಡಬ್ಬಿಯನ್ನು ಬೋರಲು ಹಾಕಿ, ತಳದ ಮೇಲೆ ಮೊಳೆಯನ್ನು ತಾನೇ ಹಿಡಿದು ಗಂಡನತ್ತ ನೋಡಿದಳು.

ಅವನು ಸುತ್ತಿಗೆ ಬೀಸಿದ. ದನಿ ಅರ್ಧಕ್ಕೇ ನಿಂತಿತು.

ಮಗಳು ಡಬ್ಬಿಯನ್ನೇ ನೋಡುತ್ತಿದ್ದಳು.

"ಅಪ್ಪಾ, ಅಮ್ಮನ್ನ ಯಾಕೆ ಹೊಡೆದೆ?"

ಅಮ್ಮ ಅವಳ ಪಕ್ಕದಲ್ಲೇ ಕೂತಿದ್ದಳು.