ನಾಲ್ಕನೆಯ ರೀಲಿನ ಎರಡು ನಿಮಿಷ

“ನನ್ನ ತಪ್ಪನ್ನ ಯಾರೋ ಕದ್ದಿದಾರೆ ಅಕ್ಕಾ. ಹುಡುಕಿಕೊಡಿ.”

ಸೋಮವಾರ ಬೆಳಿಗ್ಗೆ ನಮ್ಮ ಮಹಡಿ ಹತ್ತಿ ಬಂದ ಆಯಾ ಕೂರುವ ಮೊದಲೇ ಹೀಗೆಂದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಊರಿನವರ ಮಾತಿಗೆ ತಂತಿ ಜೋಡಿಸಿ ನಿವೃತ್ತರಾದ ನನ್ನ ಅತ್ತಿಗೆಯ ಬಳಿ ಕಳೆದುಹೋದ ಉಂಗುರ, ಓಡಿಹೋದ ಗಂಡ, ಎಲ್ಲವನ್ನೂ ಹುಡುಕಿಸಿಕೊಳ್ಳಲು ಜನ ಬರುತ್ತಿದ್ದರು. ತಪ್ಪನ್ನು ಕಳೆದುಕೊಂಡು ಬಂದವಳು ಇವಳೊಬ್ಬಳೇ.

ಆಯಾಳ ಕತೆ ಊರಿಗೆಲ್ಲ ಗೊತ್ತಿತ್ತು. ಇಪ್ಪತ್ತೆರಡು ವರ್ಷಗಳ ಹಿಂದೆ ನೂಲಿನ ಗಿರಣಿಯ ಶಿಶುವಿಹಾರಕ್ಕೆ ಬೆಂಕಿ ಬಿದ್ದಾಗ ಹನ್ನೊಂದು ಮಕ್ಕಳನ್ನು ಹೊರಗೆ ತಂದವಳು. ಹನ್ನೆರಡನೆಯವನು, ಮೂರು ವರ್ಷದ ಹುಡುಗ, ಉಳಿಯಲಿಲ್ಲ. ಆ ಘಟನೆಯನ್ನು ಆಧರಿಸಿದ ಸಿನಿಮಾ ಶುಕ್ರವಾರದಿಂದ ನಮ್ಮ ಟಾಕೀಸಿನಲ್ಲಿ ಓಡುತ್ತಿತ್ತು.

“ಬೆಂಕಿ ಬಿದ್ದಾಗ ನಾನು ಒಳಗಿರ್ಲಿಲ್ಲ,” ಎಂದಳು ಆಯಾ. “ನನ್ನ ಮಗಳು ಗೇಟಿನ ಹತ್ರ ಹೊಟ್ಟೆನೋವು ಅಂತ ಅಳ್ತಿದಾಳೆ ಅಂತ ಕಾವಲುಗಾರ ಹೇಳಿಕಳಿಸ್ದ. ಮಕ್ಕಳು ಮಲಗಿದ್ವು. ಓಡಿದೆ. ವಾಪಸ್ ಬರೋಷ್ಟರಲ್ಲಿ ಹೊಗೆ. ಇದನ್ನ ಯಾರ ಮುಂದೂ ಬಾಯಿಬಿಟ್ಟಿರ್ಲಿಲ್ಲ. ಸಿನಿಮಾದವರು ಬಂದಾಗ ಹೇಳ್ಬಿಟ್ಟೆ. ಆ ಹುಡುಗನ ತಾಯಿ ನೋಡಿ ತಿಳ್ಕೊಳ್ಲಿ ಅಂತ. ನನ್ನ ಬಾಯಿಂದ ಹೇಳೋಕೆ ಈ ಜನ್ಮದಲ್ಲಿ ಆಗಲ್ಲ.”

“ಸಿನಿಮಾದಲ್ಲಿ ಅದು ಇಲ್ವಾ?”

“ಅದೇ ಗೊತ್ತಾಗ್ತಿಲ್ಲ. ನಾನು ನೋಡಿಲ್ಲ, ಧೈರ್ಯ ಸಾಲ್ದು. ಮಗಳು ಶುಕ್ರವಾರ ಮೊದಲನೇ ಆಟಕ್ಕೇ ಹೋಗಿದ್ಳು. ಬಂದವಳೇ, ‘ಗೇಟಿನ ವಿಷಯ ಹಾಕೇ ಇಲ್ಲಮ್ಮ, ನಿನ್ನ ತುಂಬ ಚೆನ್ನಾಗಿ ತೋರಿಸಿದಾರೆ’ ಅಂದ್ಲು. ಆದ್ರೆ ಶನಿವಾರ ಬೆಳಿಗ್ಗೆ ಹಾಲಿನವಳು, ‘ಊರ ಮಕ್ಕಳನ್ನ ಬಿಟ್ಟು ಸ್ವಂತ ಮಗಳ ಹತ್ರ ಓಡಿದ್ಯಲ್ಲೇ’ ಅಂತ ಮುಖಕ್ಕೆ ಹೊಡೆದ ಹಾಗೆ ಕೇಳಿದ್ಲು. ನಿನ್ನೆ ಆ ಹುಡುಗನ ತಾಯಿ ಸಿನಿಮಾ ನೋಡಿ ಬಂದು ನನ್ನ ತಬ್ಕೊಂಡು ಅತ್ಲು. ಕ್ಷಮಿಸಿದ್ಲು ಅನ್ಕೊಂಡೆ. ಗೇಟು ಅಂದ್ರೆ ‘ಯಾವ ಗೇಟು?’ ಅಂದ್ಲು.” ಅವಳ ದನಿ ಇಳಿಯಿತು. “ಇದ್ದಷ್ಟು ದಿನ ಬೈಗುಳ ತಿನ್ಬಹುದು ಅಕ್ಕಾ. ಆ ತಬ್ಬುಗೆ ತಿಂದು ಅರಗಿಸ್ಕೊಳ್ಳೋಕೆ ಆಗಲ್ಲ. ಗುರುವಾರ ಸಿನಿಮಾ ಎತ್ತಿಬಿಡ್ತಾರಂತೆ.”

ಮಧ್ಯಾಹ್ನ ಟಾಕೀಸಿಗೆ ಹೋದೆವು. ಮೆಟ್ಟಿಲ ಬಳಿಯ ಮೇಜಿನ ಮೇಲೆ ಅನಿಸಿಕೆಯ ಪುಸ್ತಕವಿತ್ತು. ನೋಡಿದವರು ದಿನ, ಆಟ ನಮೂದಿಸಿ ಮನಸ್ಸಿಗೆ ಬಂದದ್ದನ್ನು ಬರೆದಿದ್ದರು. ‘ತನ್ನ ಮಗು ಬಂಗಾರ, ಪರರ ಮಕ್ಕಳು ಕಸ! ಇಂಥವಳಿಗೊಂದು ಸಿನಿಮಾ ಬೇರೆ’ ಎಂದು ಒಬ್ಬರು. ‘ಗೇಟಿನವರೆಗೆ ಹೋಗಿ ಬಂದದ್ದು ಅಪರಾಧವೇ?’ ಎಂದು ಇನ್ನೊಬ್ಬರು. ‘ಮಹಾತಾಯಿ’ ಎಂದು ಮತ್ತೊಬ್ಬರು. ‘ಕತೆ ನಿಜವೋ ಸುಳ್ಳೋ, ಕುರ್ಚಿಯಲ್ಲಿರುವ ತಿಗಣೆಗಳಂತೂ ನಿಜ’ ಎಂದು ಯಾರೋ ಪುಣ್ಯಾತ್ಮರು.

“ಒಂದೇ ಸಿನಿಮಾಕ್ಕೆ ಜನ ಹೇಗೆ ಕಿತ್ತಾಡ್ತಾರೆ ನೋಡಿ ಅತ್ತಿಗೆ.”

“ಒಂದೇ ಸಿನಿಮಾನಾ? ಬೈದವರು, ಹೊಗಳಿದವರು ಅಂತ ಓದ್ಬೇಡ. ಯಾವ ಆಟ ಅಂತ ನೋಡ್ತಾ ಓದು.”

ಓದಿದೆ. ಶನಿವಾರ ಮಧ್ಯಾಹ್ನದ ಆಟದವರೆಗೆ ಬೈದವರ ಬರಹದಲ್ಲೂ ಪರ ವಹಿಸಿದವರ ಬರಹದಲ್ಲೂ ಆಯಾ ಹೊರಗೆ ಹೋದ ಮಾತಿತ್ತು. ಅಂದಿನ ಸಂಜೆಯ ಆಟದಿಂದಾಚೆಗೆ ಒಬ್ಬರೂ ಅದನ್ನು ಎತ್ತಿರಲಿಲ್ಲ. ಬರೀ ಹೊಗಳಿಕೆ.

ಮೇಲಿನ ಪ್ರೊಜೆಕ್ಟರ್ ಕೋಣೆ ಒಲೆಯಂತೆ ಕಾದಿತ್ತು. ಅಲ್ಲಿನ ಆಪರೇಟರ್ ಆಯಾಳ ಅಳಿಯ. ಮಾತಿಗೊಮ್ಮೆ ಎದೆ ಸುಯ್ಗುಡುವ ಉಬ್ಬಸದ ಮನುಷ್ಯ. ಓಡುವ ಯಂತ್ರವನ್ನು ಬಿಟ್ಟು ಅಲುಗಾಡುವಂತಿಲ್ಲವಾದ್ದರಿಂದ ನಿಂತೇ ಊಟ ಮಾಡುತ್ತಿದ್ದ. ಊಟ ತಂದ ಹೆಂಡತಿ, ಅಂದರೆ ಆಯಾಳ ಮಗಳು, ಮುಗಿದ ರೀಲನ್ನು ಕೈಯಿಂದ ಹಿಂದಕ್ಕೆ ಸುತ್ತುತ್ತಿದ್ದಳು.

“ಅಸಿಸ್ಟೆಂಟಾ?” ಎಂದು ಅತ್ತಿಗೆ ಕೇಳಿದರು.

“ಸಂಬಳ ಇಲ್ಲದ ಅಸಿಸ್ಟೆಂಟು. ಬೈಗುಳ ಮಾತ್ರ ತಿಂಗಳು ತಿಂಗಳೂ ಸರಿಯಾಗಿ ಬರತ್ತೆ,” ಎಂದು ಅವಳು ನಕ್ಕಳು.

ಬೆಂಕಿಯ ದೃಶ್ಯವಿದ್ದದ್ದು ನಾಲ್ಕನೆಯ ರೀಲಿನಲ್ಲಿ. ಆಟ ಮುಗಿದ ಮೇಲೆ ಅದನ್ನು ಬಿಚ್ಚಿಸಿ ಅತ್ತಿಗೆ ಅಂಚಿನ ಮೇಲೆ ಬೆರಳಾಡಿಸುತ್ತ ಹೋದರು. ಹರಿದ ಕಡೆಯೆಲ್ಲ ನುಣುಪಾದ ಟೇಪಿನ ಜಾಯಿಂಟು. ಒಂದು ಕಡೆ ಮಾತ್ರ ಫಿಲ್ಮನ್ನು ಬ್ಲೇಡಿನಿಂದ ಹೆರೆದು ಅಂಟು ಹಚ್ಚಿದ ಒರಟು ಜಾಯಿಂಟು. ಗೇಟಿನ ದೃಶ್ಯ ಅಲ್ಲಿಂದಲೇ ಮಾಯವಾಗಿತ್ತು. ವಿಷಯ ತಿಳಿದ ಮ್ಯಾನೇಜರ್ ಕೂಗಾಡಿದ: “ಅತ್ತೆಯ ಮಾನ ಉಳಿಸೋಕೆ ಅಳಿಯನ ಕರಾಮತ್ತು! ಇವನನ್ನ ಇವತ್ತೇ ಮನೆಗೆ ಕಳಿಸ್ತೀನಿ.” ಆಪರೇಟರ್ ಹೌದು ಅನ್ನಲಿಲ್ಲ, ಅಲ್ಲವೆನ್ನಲಿಲ್ಲ.

“ಬುಧವಾರದವರೆಗೆ ತಡೀರಿ,” ಎಂದರು ಅತ್ತಿಗೆ.

ಬುಧವಾರ ಬೆಳಿಗ್ಗೆ ಖಾಲಿ ಸಭಾಂಗಣದ ಮುಂದಿನ ಸಾಲಿನಲ್ಲಿ ಎಲ್ಲರೂ ಕೂತರು. ಆಯಾ, ಮಗಳು, ಅಳಿಯ, ಮ್ಯಾನೇಜರ್. ತುದಿಯ ಕುರ್ಚಿಯಲ್ಲಿ ತೀರಿಹೋದ ಹುಡುಗನ ತಾಯಿ. ಆಯಾಳ ಕೋರಿಕೆಯಂತೆ ಅತ್ತಿಗೆಯೇ ಕರೆಸಿದ್ದರು. ಗೇಟಿನ ವಿಷಯವನ್ನು ಮೊದಲು ಅವಳಿಗೆ ಹೇಳಿದರು. ಅವಳು ಅಲುಗಾಡದೆ ಕೇಳಿಸಿಕೊಂಡಳು.

“ಇನ್ನು ಅದನ್ನ ತೆಗೆದದ್ದು ಯಾರು?” ಎಂದು ಅತ್ತಿಗೆ ಮುಂದುವರಿಸಿದರು. “ಶನಿವಾರ ಮಧ್ಯಾಹ್ನ ಇತ್ತು, ಸಂಜೆ ಇರ್ಲಿಲ್ಲ. ಆಪರೇಟರ್ ಅಲ್ಲ. ಅಂಟಿನ ವಾಸನೆ ಬಡಿದ್ರೆ ಇವರಿಗೆ ಉಸಿರೇ ಸಿಗಲ್ಲ, ಅದಕ್ಕೇ ಇವರ ಜಾಯಿಂಟೆಲ್ಲ ಟೇಪು. ಹಳೇ ಅಂಟಿನ ಸೀಸೆ ಮಾತ್ರ ಪ್ರೊಜೆಕ್ಟರ್ ಕೋಣೆಯ ಬೀರುವಿನಲ್ಲೇ ಇದೆ. ಮ್ಯಾನೇಜರೇ, ನಿಮಗೆ ಫಿಲ್ಮು ಜೋಡಿಸೋಕೆ ಬರತ್ತಾ?”

“ಬಂದಿದ್ರೆ ಇವನಿಗ್ಯಾಕೆ ಸಂಬಳ ಕೊಡ್ತಿದ್ದೆ?”

“ಎರಡು ಆಟದ ನಡುವೆ ರೀಲು ಕೈಯಲ್ಲಿ ಹಿಡಿಯೋದು ಇನ್ನೊಬ್ಬಳು.” ಅತ್ತಿಗೆ ಮಗಳ ಕಡೆ ತಿರುಗಿದರು. “ಶುಕ್ರವಾರ ನೋಡಿದವರೆಲ್ಲ ಗೇಟನ್ನ ಕಂಡ್ರು. ಅದೇ ದಿನ ನೋಡಿದ ನೀನು ಇಲ್ಲ ಅಂದೆ. ಸಿನಿಮಾ ಬದಲಾದದ್ದು ಶನಿವಾರ ಸಂಜೆ. ನಿನ್ನ ಬಾಯಲ್ಲಿ ಅದು ಹಿಂದಿನ ದಿನವೇ ಬದಲಾಗಿತ್ತು.”

ಆಪರೇಟರ್ ತಲೆ ತಗ್ಗಿಸಿದ. “ಶನಿವಾರ ಸಂಜೇನೇ ಗೊತ್ತಾಯ್ತು. ಕೇಳೋಕೆ ಮನಸ್ಸಾಗ್ಲಿಲ್ಲ.”

ಮಗಳು ಊಟದ ಡಬ್ಬಿಯ ತಳದಿಂದ ಸುರುಳಿ ಸುತ್ತಿದ ಎರಡು ನಿಮಿಷದ ಫಿಲ್ಮನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. “ಎಸೆಯೋಕೆ ಆಗ್ಲಿಲ್ಲ. ಇದರಲ್ಲಿ ಅಮ್ಮ ನನ್ನ ಹತ್ರ ಓಡಿ ಬರ್ತಾಳೆ.”

“ಅಮ್ಮನ ಮರ್ಯಾದೆ ಉಳಿಸೋಕೆ ಹೋದೆ, ಅಲ್ವಾ ಮಗಳೇ?” ಅತ್ತಿಗೆಯ ದನಿ ಮೆತ್ತಗಾಗಿತ್ತು.

“ಅಲ್ಲ.”

ಅತ್ತಿಗೆ ಅಂದು ಮೊದಲ ಸಲ ಎಡವಿದ್ದನ್ನು ಕಂಡೆ.

“ನನಗೆ ಹೊಟ್ಟೆನೋವಿರ್ಲಿಲ್ಲ. ಅವತ್ತು ಶಾಲೆಯಲ್ಲಿ ಮೊದಲನೇ ಹಲ್ಲು ಬಿತ್ತು. ಅಮ್ಮಂಗೆ ತೋರಿಸ್ಬೇಕಿತ್ತು. ಹಲ್ಲು ಬಿತ್ತು ಅಂದ್ರೆ ಕಾವಲುಗಾರ ಕರೀತಾನಾ? ಹೊಟ್ಟೆನೋವು ಅಂದೆ. ಏದುಸಿರು ಬಿಡ್ತಾ ಬಂದ ಅಮ್ಮನ್ನ ನೋಡಿ ಹೆದರಿ, ಹಲ್ಲನ್ನ ಮುಷ್ಟಿಯಲ್ಲೇ ಇಟ್ಕೊಂಡು ಸುಮ್ಮನೆ ಅತ್ತೆ. ಪರದೆ ಮೇಲೆ ಆ ಹುಡುಗಿ ನಿಜವಾಗಿ ಹೊಟ್ಟೆ ಹಿಡ್ಕೊಂಡು ಒದ್ದಾಡ್ತಾಳೆ. ಜನ ಅಯ್ಯೋ ಅಂತಾರೆ. ದಿನಾ ನಾನು ಅದನ್ನ ನೋಡ್ತಾ ಹೇಗೆ...”

“ಸುಮ್ನಿರೇ! ಏನೂ ಹೇಳ್ಬೇಡ!” ಆಯಾ ಮಗಳ ಬಾಯಿ ಮುಚ್ಚಲು ಎದ್ದಳು. ಸತ್ಯ ಬೇಕೆಂದು ನಮ್ಮ ಮಹಡಿ ಹತ್ತಿದ್ದವಳು ಇವಳೇ. ತಾಯಿ ಮಗಳು ಇಪ್ಪತ್ತೆರಡು ವರ್ಷ ಒಂದೇ ಬೆಂಕಿಯನ್ನು ಬೇರೆ ಬೇರೆಯಾಗಿ ಬಚ್ಚಿಟ್ಟುಕೊಂಡು ಬದುಕಿದ್ದರು. ಅದನ್ನು ಹೊರಗೆ ಎಳೆದವರು ನಾವು.

ಹುಡುಗನ ತಾಯಿ ಎದ್ದು ಬಂದು ಮಗಳ ಮುಂದೆ ನಿಂತಳು.

“ಯಾವ ಹಲ್ಲು?”

ಮಗಳು ಕೆಳಗಿನ ಮುಂಭಾಗದ ಹಲ್ಲನ್ನು ಮುಟ್ಟಿ ತೋರಿಸಿದಳು. ಆಕೆ ಬಾಗಿ ಅದನ್ನು ನೋಡಿದಳು.

“ನನ್ನ ಮಗಂದು ಇನ್ನೂ ಒಂದೂ ಬಿದ್ದಿರ್ಲಿಲ್ಲ,” ಎಂದಳು. ಸಾಲುಗಳ ನಡುವೆ ಬಾಗಿಲ ಕಡೆ ನಡೆದಳು.

ಮ್ಯಾನೇಜರ್ ಅತ್ತಿಗೆಯ ಕಡೆ ತಿರುಗಿದ. “ಆ ತುಂಡನ್ನ... ಮತ್ತೆ ಸೇರಿಸ್ಬೇಕೋ ಬೇಡ್ವೋ?”

ಆಯಾ ಮಗಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದಳು.

“ಸೇರಿಸಿ,” ಎಂದಳು ಗಟ್ಟಿಯಾಗಿ. “ಕರೆದದ್ದು ಮಗು. ಬಿಟ್ಟು ಹೋದವಳು ನಾನು.”

ಆ ಮಾತನ್ನು ಕೇಳಬೇಕಿದ್ದವಳು ಅಷ್ಟರಲ್ಲಿ ಬೀದಿಗಿಳಿದಿದ್ದಳು.